ಕೊಡಗಿನ ಥಂಡಿಯಲ್ಲಿ ಕಿಟಕಿ ಪರದೆ: ಒಗೆಯುವ, ಬೂಷ್ಟು ಬಿಡಿಸುವ, ಒಣಗಿಸುವ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಪರದೆ ಒಗೆಯಲು ಹೊರಡುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಇಷ್ಟು ಹೊತ್ತಿಗೆ ಇದು ಪೂರ್ತಿ ಒಣಗಿರುತ್ತದೆಯೇ? ಹೌದು ಎಂದಾದರೆ ಬಕೆಟ್ ಹಿಡಿಯಿರಿ. ಅನುಮಾನವಿದ್ದರೆ, ಪರದೆ ಎಷ್ಟೇ ಕೊಳೆಯಾಗಿರಲಿ, ನೀರಿಗೆ ಹಾಕಬೇಡಿ. ಹತ್ತಿ ಬಟ್ಟೆ ಒಂದೆರಡು ದಿನ ಹಸಿಯಾಗಿ ಉಳಿದರೆ ಸಾಕು, ಬೂಷ್ಟು ಬೇರೂರುತ್ತದೆ. ಧೂಳನ್ನು ಯಾವಾಗ ಬೇಕಾದರೂ ತೆಗೆಯಬಹುದು, ಬೂಷ್ಟಿನ ಕರಿ ಚುಕ್ಕೆ ಹಾಗಲ್ಲ.

ಬೇರೆ ಊರಿನವರಿಗಾಗಿ ಹೇಳಿದ ಸಲಹೆಗಳು ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ‘ಸ್ವಲ್ಪ ಹಸಿ ಇರುವಾಗಲೇ ರಾಡಿಗೆ ಏರಿಸಿ, ಸುಕ್ಕು ತಾನಾಗಿ ಬಿಡುತ್ತದೆ’ ಎನ್ನುವ ಮಾತು ಮೈಸೂರಿನ ಮಾರ್ಚ್ ತಿಂಗಳಿಗೆ ಸರಿ. ಮಡಿಕೇರಿಯ ಜುಲೈನಲ್ಲಿ ಹಾಗೆ ಮಾಡಿದರೆ ಕೆಳಗಿನ ಮಡಿಕೆ ಒಂದು ವಾರವಾದರೂ ಒಣಗುವುದಿಲ್ಲ. ಇಸ್ತ್ರಿ ಉಳಿಸಲು ಹೋಗಿ ಪರದೆಯನ್ನೇ ಕಳೆದುಕೊಂಡಂತಾಗುತ್ತದೆ.

ಯಾವಾಗ ಒಗೆಯಬೇಕು

ಇಲ್ಲಿ ಪರದೆಗೆ ವರ್ಷದಲ್ಲಿ ಎರಡು ದೊಡ್ಡ ಒಗೆತ ಸಾಕು. ಒಂದು, ಕಾಫಿ ಹೂವರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮುಂಚೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ. ಮಧ್ಯಾಹ್ನದ ಗುಡುಗು ಮಳೆ ಆಗಲೂ ಬರುತ್ತದೆ, ಆದ್ದರಿಂದ ಬೆಳಿಗ್ಗೆ ಎಂಟಕ್ಕೆಲ್ಲ ಹಗ್ಗಕ್ಕೆ ಹಾಕುವಂತೆ ಲೆಕ್ಕ ಹಾಕಿ. ಇನ್ನೊಂದು ಒಗೆತ ಸುಗ್ಗಿ ಹಬ್ಬವಾದ ಹುತ್ತರಿಯ ಆಸುಪಾಸಿನಲ್ಲಿ, ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಿನಲ್ಲಿ, ಆಕಾಶ ತಿಳಿಯಾದ ಮೇಲೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಗಾಳಿ ಒಣಗಿರುತ್ತದೆ. ಬೆಳಗಿನ ಮಂಜು ಮಾತ್ರ ಮೋಸ ಮಾಡುತ್ತದೆ: ಇಬ್ಬನಿ ಆರಿದ ಮೇಲೆ, ಒಂಬತ್ತೂವರೆ ಹತ್ತರ ಹೊತ್ತಿಗೆ ಹೊರಗೆ ಹಾಕಿ, ಸಂಜೆ ನಾಲ್ಕೂವರೆಗೆ ಒಳಗೆ ತನ್ನಿ. ರಾತ್ರಿ ಹೊರಗೆ ಬಿಟ್ಟ ಬಟ್ಟೆ ಹಗಲೆಲ್ಲ ಕಳೆದುಕೊಂಡ ತೇವವನ್ನು ಮತ್ತೆ ಕುಡಿಯುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಮನೆ ಚೊಕ್ಕ ಮಾಡುವಾಗ ಪರದೆಗೂ ಕೈ ಹಾಕುವ ಆಸೆ ಸಹಜ. ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ, ಬಿರುನಾಣಿ ಕಡೆಯ ಮನೆಗಳಿಗೆ ಅದು ತೀರಾ ಬೇಗ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಡಿಮೆ, ಅಲ್ಲಿ ಹೊಳವು ನೋಡಿ ತೆಳು ಪರದೆ ಒಗೆಯಬಹುದು.

ನಮ್ಮ ಗಟ್ಟಿ ಸಲಹೆ ಇದು: ಮೇ ತಿಂಗಳಲ್ಲಿ ದಪ್ಪ ಹತ್ತಿ ಪರದೆಗಳನ್ನು ಒಗೆದು, ಒಣಗಿಸಿ, ಎತ್ತಿಡಿ. ಮಳೆಗಾಲದ ನಾಲ್ಕು ತಿಂಗಳು ತೆಳ್ಳನೆಯ ಪಾಲಿಯೆಸ್ಟರ್ ಪರದೆ ಹಾಕಿ. ಗಾಳಿಯ ಆರ್ದ್ರತೆ ಶೇ 65 ಇದ್ದಾಗ ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ನೀರನ್ನು ನೂಲಿನೊಳಗೆ ಹಿಡಿದಿಟ್ಟುಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ 0.4ರಷ್ಟು ಮಾತ್ರ. ಅದರ ಮೇಲೆ ಹತ್ತಿಯ ನಾರೇ ಬೂಷ್ಟಿಗೆ ಆಹಾರ. ಪಾಲಿಯೆಸ್ಟರ್ ನಾರನ್ನು ಅದು ತಿನ್ನುವುದಿಲ್ಲ, ಮೇಲೆ ಕೂತ ಧೂಳು, ಎಣ್ಣೆ, ಹೊಗೆಯ ಜಿಡ್ಡನ್ನು ತಿಂದು ಬೆಳೆಯುತ್ತದೆ. ಅಂದರೆ ಚೊಕ್ಕವಾಗಿರುವ ಪಾಲಿಯೆಸ್ಟರ್ ಪರದೆ ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆಯನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ.

ಇಳಿಸುವ ಮುಂಚೆ

ಪರದೆ ರಾಡಿನಲ್ಲಿರುವಾಗಲೇ ಹಿಂಬದಿ ತಿರುಗಿಸಿ ನೋಡಿ. ಮುಂಭಾಗ ಚೊಕ್ಕವಾಗಿ ಕಂಡರೂ ಗಾಜಿಗೆ, ಗೋಡೆಗೆ ತಾಗುವ ಹಿಂಬದಿಯಲ್ಲೇ ಬೂಷ್ಟು ಶುರುವಾಗುವುದು. ನೋಡಬೇಕಾದ ಜಾಗ ನಾಲ್ಕು: ಕೆಳಗಿನ ಮಡಿಕೆ, ಮೇಲಿನ ನೆರಿಗೆ ಟೇಪು, ಲೈನಿಂಗ್ ಬಟ್ಟೆ, ಪಕ್ಕದ ಹೊಲಿಗೆ. ಇವೆಲ್ಲ ಎರಡು ಮೂರು ಪದರ ಸೇರುವ ಕಡೆಗಳು, ಕೊನೆಗೆ ಒಣಗುವ ಕಡೆಗಳು. ನೈಋತ್ಯಕ್ಕೆ ಮುಖ ಮಾಡಿದ ಕಿಟಕಿಗಳ ಪರದೆಯನ್ನು ಎರಡು ಸಲ ನೋಡಿ, ಮುಂಗಾರಿನ ಇರುಚಲು ಹೊಡೆಯುವುದು ಆ ಕಡೆಯಿಂದಲೇ.

ಬೂಷ್ಟು ಕಂಡರೆ ಮನೆಯೊಳಗೆ ಕೊಡವಬೇಡಿ. ಕೊಡವಿದರೆ ಕಣ್ಣಿಗೆ ಕಾಣದ ಬೀಜಕಗಳು ಹಾಸಿಗೆ, ಸೋಫಾ, ಬೀರುವಿಗೆಲ್ಲ ಹರಡುತ್ತವೆ. ಮೂಗಿಗೆ ಎನ್95 ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಬೂಷ್ಟಿನ ಬದಿ ಒಳಗಾಗುವಂತೆ ಸುತ್ತಿ, ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಅಂಗಳಕ್ಕೆ ಒಯ್ಯಿರಿ. ಉಬ್ಬಸ ಇರುವವರು, ಪುಟ್ಟ ಮಕ್ಕಳು ಆ ಹೊತ್ತಿಗೆ ಹತ್ತಿರ ಇರದಿರಲಿ.

ಇಳಿಸಿದ ಮೇಲೆ ಎರಡು ಅಳತೆ ಬರೆದಿಡಿ. ಮೊದಲನೆಯದು ಉದ್ದ. ಒಗೆಯದ ಹೊಸ ಹತ್ತಿ ಪರದೆ ಮೊದಲ ಒಗೆತದಲ್ಲಿ ಶೇ 3ರಿಂದ 5 ಕುಗ್ಗಬಹುದು: ಏಳು ಅಡಿಯ ಪರದೆ 6ರಿಂದ 10 ಸೆಂ.ಮೀ. ಗಿಡ್ಡವಾದೀತು. ಎರಡನೆಯದು ಒಣ ತೂಕ. ಕರಿಮೆಣಸು ತೂಗುವ ಕಾಂಟಾ ಇಲ್ಲಿ ಬಹಳ ಮನೆಗಳಲ್ಲಿದೆ, ಅದೇ ಸಾಕು. ಯಾಕೆ ಎಂಬುದು ಒಣಗಿಸುವ ಭಾಗದಲ್ಲಿ ಬರುತ್ತದೆ. ಕೊಕ್ಕೆಗಳನ್ನೆಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ಕಬ್ಬಿಣದ ಒಂದು ಕೊಕ್ಕೆ ಒಳಗೆ ಉಳಿದರೆ ತುಕ್ಕಿನ ಕಲೆ ಖಂಡಿತ. ರಿಂಗ್ ಕೂಡಿಸಿ ಹೊಲಿದ ಪರದೆಯಾದರೆ ರಿಂಗುಗಳನ್ನೆಲ್ಲ ಒಟ್ಟು ಸೇರಿಸಿ, ದಿಂಬಿನ ಕವರಿನೊಳಗೆ ತೂರಿಸಿ, ದಾರದಲ್ಲಿ ಕಟ್ಟಿ. ರಿಂಗೂ ಉಳಿಯುತ್ತದೆ, ಯಂತ್ರದ ಡ್ರಮ್ಮೂ ಉಳಿಯುತ್ತದೆ.

ಮೊದಲು ನೀರನ್ನು ನೋಡಿ

ತೋಟದ ಬೋರ್‌ವೆಲ್ ನೀರಿನಲ್ಲಿ ಎಷ್ಟೋ ಕಡೆ ಕಬ್ಬಿಣದ ಅಂಶ ಇರುತ್ತದೆ. ಬಿಳಿ ಬಕೆಟ್ಟಿನಲ್ಲಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ, ಮೇಲೆ ಎಣ್ಣೆಯಂಥ ಪೊರೆ ಕಂಡರೆ ಆ ನೀರಿಗೆ ಕ್ಲೋರಿನ್ ಬ್ಲೀಚ್ ಸೇರಿಸಬೇಡಿ. ನೀರಿನಲ್ಲಿ ಕರಗಿ ಬಣ್ಣವಿಲ್ಲದೆ ಇದ್ದ ಕಬ್ಬಿಣವನ್ನು ಬ್ಲೀಚು ತುಕ್ಕಾಗಿ ಮಾರ್ಪಡಿಸಿ ಬಟ್ಟೆಯ ಮೇಲೆ ಕೂರಿಸುತ್ತದೆ. ಬಿಳಿ ಪರದೆ ಬಿಳಿಯಾಗುವ ಬದಲು ಹಳದಿಯಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ, ತಪ್ಪು ಮಾತ್ರ ಬ್ಲೀಚಿನ ಕಂಪನಿಯ ಮೇಲೆ ಬೀಳುತ್ತದೆ. ಗಸಿ ಇಳಿದ ಮೇಲಿನ ತಿಳಿನೀರು ಬಳಸಿ, ಇಲ್ಲವೇ ಮಳೆನೀರು ಹಿಡಿದಿಡಿ. ಮಳೆನೀರು ಮೃದು, ಸೋಪು ಕಡಿಮೆ ಸಾಕು. ಹೆಂಚಿನ ಮೇಲಿಂದ ಬರುವ ಮೊದಲ ನೀರಿನಲ್ಲಿ ಪಾಚಿ, ಮಸಿ ಇರುವುದರಿಂದ ಮಳೆ ಹಿಡಿದು ಹತ್ತು ಹದಿನೈದು ನಿಮಿಷವಾದ ಮೇಲೆ ತುಂಬಿಸಿ.

ಒಗೆತ

ನೀರು ಸೋಕಿಸುವ ಮುಂಚೆ ಒಣಧೂಳು ಹೋಗಬೇಕು. ಬೂಷ್ಟಿಲ್ಲದ ಪರದೆಯನ್ನು ಹೊರಗೆ ಗಾಳಿಗೆ ಬೆನ್ನು ಹಾಕಿ ಕೊಡವಿ. ಅಂಗಳದ ಕೆಂಪು ಮಣ್ಣು ಸಿಡಿದ ಅಂಚನ್ನು ಒಣಗಲು ಬಿಟ್ಟು, ಬ್ರಷ್ಷಿನಿಂದ ಉದುರಿಸಿ, ಆಮೇಲೆ ನೀರು. ಹಸಿ ಮಣ್ಣು ಉಜ್ಜಿದರೆ ನೂಲಿನೊಳಗೆ ಇಳಿಯುತ್ತದೆ. ಸೌದೆ ಒಲೆಯ, ಬಚ್ಚಲು ಹಂಡೆಯ ಮಸಿ ಹಿಡಿದ ಪರದೆಗೂ ಇದೇ ನಿಯಮ: ವ್ಯಾಕ್ಯೂಮಿನಲ್ಲಿ ಎಳೆಯಿರಿ, ಕೈಯಿಂದ ಒರೆಸಬೇಡಿ.

ಹತ್ತಿ ಪರದೆಯನ್ನು ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆ ಬರೀ ನೆನೆಹಾಕಿ ಆ ನೀರು ಚೆಲ್ಲಿ. ಬರುವ ಕಂದು ನೀರು ನೋಡಿದರೆ ಇದು ಯಾಕೆಂದು ತಿಳಿಯುತ್ತದೆ. ಆಮೇಲೆ 10 ಲೀಟರ್ ಉಗುರುಬೆಚ್ಚನೆ ನೀರಿಗೆ ಎರಡು ದೊಡ್ಡ ಚಮಚ ಡಿಟರ್ಜೆಂಟ್ ಪುಡಿ ಹಾಕಿ ಮುಕ್ಕಾಲು ಗಂಟೆ ನೆನೆಸಿ, ಒತ್ತಿ ಒತ್ತಿ ಒಗೆಯಿರಿ. ಕಲ್ಲಿಗೆ ಬಡಿಯಬೇಡಿ. ಬಿಸಿಲು ತಿಂದ ನೂಲು ಕಿಟಕಿ ಬದಿಯಲ್ಲಿ ಸೊರಗಿರುತ್ತದೆ, ಮೊದಲು ಹರಿಯುವುದು ಅಲ್ಲೇ. ಅಡುಗೆಮನೆ ಪರದೆಯ ಜಿಡ್ಡಿಗೆ 5 ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಸೇರಿಸಿ. ರೇಷ್ಮೆಗೆ, ಉಣ್ಣೆಗೆ ಇದು ಆಗದು.

ಯಂತ್ರದಲ್ಲಾದರೆ ಡ್ರಮ್ಮಿನ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಏಳು ಅಡಿಯ ದಪ್ಪ ಹತ್ತಿ ಪರದೆ ಒಂದು ಕಿಲೋ ತೂಗೀತು, ನೀರು ಕುಡಿದರೆ ಅದರ ಎರಡು ಪಟ್ಟು ದಾಟುತ್ತದೆ. ಡಿಟರ್ಜೆಂಟ್ ಹೇಳಿದ್ದಕ್ಕಿಂತ ಕಡಿಮೆ ಇರಲಿ, ಜಾಲಿಸುವುದು ಒಂದು ಸಲ ಹೆಚ್ಚಾಗಲಿ. ಬಟ್ಟೆಯಲ್ಲಿ ಉಳಿದ ಸೋಪಿನ ಅಂಟು ಧೂಳನ್ನು ಹಿಡಿಯುತ್ತದೆ, ಧೂಳು ಬೂಷ್ಟನ್ನು ಕರೆಯುತ್ತದೆ. ಇದೇ ಕಾರಣಕ್ಕೆ ಗಂಜಿ ಹಾಕುವುದೂ ಬೇಡ. ಪಿಷ್ಟ ಬೂಷ್ಟಿಗೂ ಸಿಲ್ವರ್‌ಫಿಶ್ ಹುಳುವಿಗೂ ಒಳ್ಳೆಯ ಊಟ.

ನೆಟ್ ಪರದೆ ಸುಲಭ, ಮೃದು ಸೈಕಲ್ಲಿನಲ್ಲಿ 30 ಡಿಗ್ರಿಯಲ್ಲಿ ತೊಳೆದರಾಯಿತು. ಬೆಳಕು ಪೂರ್ತಿ ತಡೆಯುವ ಬ್ಲ್ಯಾಕೌಟ್ ಪರದೆಗೆ ಎಚ್ಚರ ಬೇಕು: ಹಿಂಬದಿಯ ರಬ್ಬರಿನಂಥ ಲೇಪ ಬಿಸಿನೀರಿಗೆ, ಹಿಂಡುವಿಕೆಗೆ, ಜೋರು ಸ್ಪಿನ್ನಿಗೆ ಬಿರುಕು ಬಿಡುತ್ತದೆ, ಆಮೇಲೆ ಚಕ್ಕೆಯೆದ್ದು ಉದುರುತ್ತದೆ. ಅದನ್ನು ಮೇಜಿನ ಮೇಲೆ ಹರಡಿ ಸೋಪುನೀರಿನ ಸ್ಪಂಜಿನಿಂದ ಒರೆಸಿ, ಬರೀ ನೀರಿನ ಬಟ್ಟೆಯಿಂದ ಮತ್ತೆ ಒರೆಸುವುದೇ ಕ್ಷೇಮ. ರೇಷ್ಮೆ, ವೆಲ್ವೆಟ್ ಡ್ರೈಕ್ಲೀನಿಂಗಿಗೆ ಹೋಗಲಿ. ಅಲ್ಲಿಂದ ತಂದ ದಿನವೇ ಪ್ಲಾಸ್ಟಿಕ್ ಕವರು ತೆಗೆದು ಗಾಳಿಗೆ ಬಿಡಿ.

ಬೂಷ್ಟು ಬಿಡಿಸುವ ಕ್ರಮ

ಮೊದಲು ನೂಲು ಗಟ್ಟಿ ಇದೆಯೇ ನೋಡಿ: ಚುಕ್ಕೆ ಇರುವ ಕಡೆ ಎರಡು ಕೈಯಿಂದ ಮೆಲ್ಲಗೆ ಎಳೆಯಿರಿ. ಚರ್ ಎಂದರೆ ಬೂಷ್ಟು ನಾರನ್ನು ತಿಂದಾಗಿದೆ, ಆ ಪರದೆಯ ಮೇಲೆ ಶ್ರಮ ಹಾಕಬೇಡಿ. ಗಟ್ಟಿ ಇದ್ದರೆ ಮುಂದುವರಿಯಿರಿ.

1. ಅಂಗಳದಲ್ಲಿ, ಬಿಸಿಲಿದ್ದರೆ ಬಿಸಿಲಿನಲ್ಲಿ, ಮೃದು ಬ್ರಷ್ಷಿನಿಂದ ಒಣ ಬೂಷ್ಟು ಉದುರಿಸಿ. ಮಾಸ್ಕ್ ತೆಗೆಯಬೇಡಿ.

2. ಬಣ್ಣದ ಬಟ್ಟೆಯಾದರೆ ಒಳ ಅಂಚಿಗೆ ಆಕ್ಸಿಜನ್ ಬ್ಲೀಚಿನ ದ್ರಾವಣ ಎರಡು ಹನಿ ಹಾಕಿ, ಹತ್ತು ನಿಮಿಷ ಬಿಟ್ಟು, ಬಿಳಿ ಬಟ್ಟೆಯಿಂದ ಒತ್ತಿ. ಬಣ್ಣ ಅಂಟಿದರೆ ಈ ದಾರಿ ಬಿಡಿ.

3. 40ರಿಂದ 50 ಡಿಗ್ರಿಯ ನೀರು, ಅಂದರೆ ಕೈ ಇಟ್ಟರೆ ಚೆನ್ನಾಗಿ ಬಿಸಿ ಆದರೆ ತಾಳಬಹುದಾದಷ್ಟು, 5 ಲೀಟರ್ ತೆಗೆದುಕೊಳ್ಳಿ. ಎರಡು ದೊಡ್ಡ ಚಮಚ ಆಕ್ಸಿಜನ್ ಬ್ಲೀಚ್ ಪುಡಿ ಪೂರ್ತಿ ಕರಗಿಸಿ. ಇದರ ಸಾರ ಸೋಡಿಯಂ ಪರ್‌ಕಾರ್ಬೊನೇಟ್, ತಣ್ಣೀರಿನಲ್ಲಿ ಕೆಲಸ ಮಾಡುವುದಿಲ್ಲ ಎನ್ನುವಷ್ಟು ನಿಧಾನ. ಪ್ಯಾಕೆಟ್ಟಿನ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ.

4. ಪರದೆ ಪೂರ್ತಿ ಮುಳುಗುವಂತೆ ನಾಲ್ಕರಿಂದ ಆರು ಗಂಟೆ ನೆನೆಸಿ. ಬಕೆಟ್ ಪ್ಲಾಸ್ಟಿಕ್ಕಿನದಾಗಿರಲಿ. ತುಕ್ಕಿನ ಕಲೆ ಇದ್ದರೆ ಅದನ್ನು ಮೊದಲೇ ತೆಗೆದಿರಬೇಕು (ಕ್ರಮ ಈ ಭಾಗದ ಕೊನೆಯಲ್ಲಿದೆ), ಏಕೆಂದರೆ ಕಬ್ಬಿಣ ಇರುವ ಜಾಗದಲ್ಲಿ ಬ್ಲೀಚು ಒಮ್ಮೆಲೇ ಒಡೆದು ನಾರನ್ನು ಸುಟ್ಟಂತೆ ತೂತು ಮಾಡಬಹುದು.

5. ನೆನೆಸಿದ ಮೇಲೆ ಮಾಮೂಲಿ ಒಗೆತ, ಮೂರು ಸಲ ಜಾಲಿಸುವುದು. ಮುಗ್ಗುಲು ವಾಸನೆ ಇನ್ನೂ ಇದ್ದರೆ ಕೊನೆಯ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್. ನಮ್ಮ ಕಾಚಂಪುಳಿ ಹುಳಿಯೇನೋ ಹೌದು, ಆದರೆ ಅದರ ಕಪ್ಪು ಬಟ್ಟೆಗೆ ಹತ್ತುತ್ತದೆ, ಅದು ಪಂದಿ ಕರಿಗೇ ಇರಲಿ.

ಇಷ್ಟಕ್ಕೂ ಹೋಗದ ಕರಿ ಚುಕ್ಕೆ ಉಳಿದರೆ, ಅಪ್ಪಟ ಬಿಳಿ ಹತ್ತಿಗೆ ಮಾತ್ರ ಕ್ಲೋರಿನ್ ಬ್ಲೀಚ್ (ವಿನೆಗರ್ ಹಾಕಿದ್ದರೆ ಮೊದಲು ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ): 5 ಲೀಟರ್ ತಣ್ಣೀರಿಗೆ ಕಾಲು ಕಪ್, ಹತ್ತು ನಿಮಿಷ, ತಕ್ಷಣ ಜಾಲಿಸಿ. ಕ್ಲೋರಿನ್ ಬ್ಲೀಚ್ ಇರುವ ಬಕೆಟ್ಟಿಗೆ ವಿನೆಗರ್, ನಿಂಬೆ, ಟಾಯ್ಲೆಟ್ ತೊಳೆಯುವ ಆಸಿಡ್, ಅಮೋನಿಯಾ ಇವುಗಳಲ್ಲಿ ಯಾವುದೂ ಹತ್ತಿರ ಬರಕೂಡದು. ಆಮ್ಲ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ. ಬಾಗಿಲು ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಹಳೆಯ ಚುಕ್ಕೆಗಳ ಬಗ್ಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಬೂಷ್ಟು ಸತ್ತ ಮೇಲೂ ಅದರ ಕರಿ ಬಣ್ಣ ನೂಲಿನಲ್ಲಿ ಉಳಿಯುತ್ತದೆ. ವಾಸನೆ ಹೋಗಿ, ಚುಕ್ಕೆ ಮಸುಕಾಗಿ, ಮತ್ತೆ ಹರಡದೆ ಇದ್ದರೆ ಕೆಲಸ ಆಗಿದೆ ಎಂದೇ ಅರ್ಥ. ಬಣ್ಣದ ಹತ್ತಿಯಲ್ಲಿ ಅದಕ್ಕಿಂತ ಹೆಚ್ಚಿಗೆ ಬ್ಲೀಚು ಹಾಕಿದರೆ ಚುಕ್ಕೆಯ ಸುತ್ತ ಬಿಳಿ ಬಳೆ ಬೀಳುತ್ತದೆ.

ತುಕ್ಕಿನ ಕಲೆಗೆ ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಕಲೆಯ ಭಾಗವನ್ನಷ್ಟೇ ಅರ್ಧ ಗಂಟೆ ಅದ್ದಿಡಿ. ಬಿಸಿಲಿದ್ದರೆ ನಿಂಬೆರಸ, ಅಡುಗೆ ಉಪ್ಪು ಹಚ್ಚಿ ಬಿಸಿಲಿಗಿಡುವುದೂ ನಡೆಯುತ್ತದೆ. ಚೆನ್ನಾಗಿ ಜಾಲಿಸಿದ ಮೇಲೆಯೇ ಮುಂದಿನ ಕೆಲಸ.

ಒಣಗಿಸುವುದು

ನಿಜವಾದ ದುಡಿಮೆ ಇಲ್ಲಿದೆ. ನೀರನ್ನು ಗಾಳಿಗೆ ಬಿಡುವ ಮುಂಚೆ ಬಟ್ಟೆಯಿಂದ ಎಷ್ಟು ಸಾಧ್ಯವೋ ಅಷ್ಟು ಹಿಂಡಿ ತೆಗೆಯಬೇಕು. ಹತ್ತಿ ಪರದೆಯನ್ನು ಎರಡು ಸಲ ಸ್ಪಿನ್ ಮಾಡಿ, ನಡುವೆ ಒಮ್ಮೆ ಹೊರತೆಗೆದು ಬಿಡಿಸಿ ಮತ್ತೆ ಹಾಕಿ. ಯಂತ್ರವಿಲ್ಲದಿದ್ದರೆ ದಪ್ಪ ಒಣ ಟವೆಲಿನ ಮೇಲೆ ಹಾಸಿ, ಜೊತೆಗೆ ಸುರುಳಿ ಸುತ್ತಿ, ಮೇಲೆ ಮೊಣಕಾಲೂರಿ ಒತ್ತಿ. ಮಡಿಕೆಯ ಭಾಗಕ್ಕೆ ಇನ್ನೊಂದು ಟವೆಲ್.

ಒಂದೇ ಹಗ್ಗಕ್ಕೆ ಮಡಚಿ ಹಾಕಿದರೆ ಎರಡು ಪದರ ಅಂಟಿಕೊಂಡು ನಡುವೆ ಗಾಳಿ ಆಡುವುದಿಲ್ಲ. ಒಂದೂವರೆ ಅಡಿ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಪರದೆಯನ್ನು ಎರಡರ ಮೇಲೂ ಡೇರೆಯಂತೆ ಹರಡಿ. ಕೆಳಗಿನ ಮಡಿಕೆ ಮೇಲೆ ಬರುವಂತೆ ತಲೆಕೆಳಗಾಗಿ ಹಾಕಿ, ಇಲ್ಲದಿದ್ದರೆ ನೀರೆಲ್ಲ ಇಳಿದು ಒಣಗಲು ಅತಿ ಕಷ್ಟವಾದ ಆ ದಪ್ಪ ಅಂಚಿನಲ್ಲೇ ನಿಲ್ಲುತ್ತದೆ. ಬಣ್ಣದ ಪರದೆಯ ಒಳಮೈ ಬಿಸಿಲಿಗಿರಲಿ. ಕಾಫಿ ಕುಯ್ಲಿನ ದಿನಗಳಲ್ಲಿ ಕಣದ ಗಾಳಿ ಬೀಸುವ ಕಡೆ ಹಗ್ಗ ಕಟ್ಟಬೇಡಿ: ಹಣ್ಣಿನ ಸಿಪ್ಪೆಯ ವಾಸನೆ, ನೊಣ, ಧೂಳು ಎಲ್ಲ ಹಸಿ ಬಟ್ಟೆಗೆ ಹತ್ತುತ್ತವೆ. ಕಾಫಿ ಒಣಗಿಸುವ ಪಾಲಿಹೌಸ್ ಖಾಲಿ ಇದ್ದರೆ ಮಾತ್ರ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಮೋಡದ ದಿನವೂ ಹೊರಗಿಗಿಂತ ಒಳಗೆ ಬಿಸಿ ಹೆಚ್ಚು. ಎರಡು ಬದಿ ಗಾಳಿ ಹೋಗಲು ಬಿಟ್ಟಿರಬೇಕು.

ಮಳೆಗಾಲದಲ್ಲಿ ಒಗೆಯಲೇಬೇಕಾಗಿ ಬಂದರೆ, ಉದಾಹರಣೆಗೆ ಹೋಂಸ್ಟೇ ನಡೆಸುವವರಿಗೆ, ಒಂದು ಕೋಣೆಯನ್ನೇ ಒಣಗಿಸುವ ಕೋಣೆ ಮಾಡಿ. ಹೊರಗೆ ಜಡಿಮಳೆ ಹಿಡಿದಿರುವಾಗ ಕಿಟಕಿ ತೆರೆದರೆ ಬರುವುದು ತೇವದ ಗಾಳಿಯೇ. ಬಾಗಿಲು ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್ ಇಟ್ಟು, ಫ್ಯಾನನ್ನು ಪರದೆಯ ಪಕ್ಕದಿಂದ ಬೀಸುವಂತೆ ತಿರುಗಿಸಿ. ಕೋಣೆಯ ಆರ್ದ್ರತೆ ಶೇ 60ರ ಕೆಳಗಿಳಿದರೆ ಬಟ್ಟೆ ಒಣಗುತ್ತದೆ. ಆರ್ದ್ರತೆ ತೋರಿಸುವ ಪುಟ್ಟ ಮೀಟರ್ ಕೊಂಡಿಡುವುದು ಒಳ್ಳೆಯದು. ಕರೆಂಟ್ ಕೈಕೊಡುವ ಕಾಲವಾದ್ದರಿಂದ ಒಮ್ಮೆಗೆ ಒಂದು ಜೊತೆಗಿಂತ ಹೆಚ್ಚು ಒಗೆಯಬೇಡಿ.

ಅಗ್ಗಿಷ್ಟಿಕೆಯ ಮೇಲೆ, ಹಂಡೆ ಒಲೆಯ ಪಕ್ಕ ಒಣಗಿಸುವ ರೂಢಿ ಹಳೆಯದು. ಚಿಕ್ಕ ಬಟ್ಟೆಗೆ ಸರಿ, ಪರದೆಗೆ ಹೊಗೆವಾಸನೆ ಬಿಡುವುದೇ ಇಲ್ಲ. ಪಾಲಿಯೆಸ್ಟರ್ ಕಿಡಿಗೆ ಕರಗಿ ತೂತಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು ಎಂದಿಗೂ ಬೇಡ. ಅದರ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಎಚ್ಚರಿಸದೆ ಕೊಲ್ಲುತ್ತದೆ.

ಒಣಗಿತೋ ಇಲ್ಲವೋ ಎಂಬುದನ್ನು ಕೈ ಮುಟ್ಟಿ ಹೇಳಲಾಗದು. ಥಂಡಿ ಹವೆಯಲ್ಲಿ ಒಣಬಟ್ಟೆಯೂ ತಣ್ಣಗೆ ಮುಟ್ಟುತ್ತದೆ. ಬರೆದಿಟ್ಟ ಒಣ ತೂಕ ಈಗ ಕೆಲಸಕ್ಕೆ ಬರುತ್ತದೆ. ಬೇಸಿಗೆಯಲ್ಲಿ ತೂಗಿದ 900 ಗ್ರಾಂ ಪರದೆ ಒಗೆದ ಮೇಲೆ 930 ಗ್ರಾಮಿಗೆ ಬಂದರೆ ನೇತುಹಾಕಬಹುದು. 1,000 ಗ್ರಾಂ ತೋರಿಸಿದರೆ ಇನ್ನೂ ನೂರು ಮಿಲಿಲೀಟರ್ ನೀರು ಎಲ್ಲೋ ಅಡಗಿದೆ, ಹೆಚ್ಚಾಗಿ ಮಡಿಕೆಯಲ್ಲಿ. ಕಾಂಟಾ ಇಲ್ಲದವರು ಮಡಿಕೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದು ನೋಡಲಿ, ಹಬೆ ಎದ್ದರೆ ಒಣಗಿಲ್ಲ. ಹತ್ತಿಗೆ ಈ ಇಸ್ತ್ರಿಯೇ ಕೊನೆಯ ಒಣಗಿಸುವಿಕೆಯೂ ಹೌದು: ಅಂಚು, ಟೇಪು, ಹೊಲಿಗೆ ಮೂರನ್ನೂ ಒಳಬದಿಯಿಂದ ಬಿಸಿ ಮಾಡಿ, ಆರಲು ಬಿಟ್ಟು, ಆಮೇಲೆ ರಾಡಿಗೆ.

ಒಗೆಯಲಾಗದ ತಿಂಗಳುಗಳಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಮೇಲಿನಿಂದ ಕೆಳಕ್ಕೆ ವ್ಯಾಕ್ಯೂಮ್ ಎಳೆಯಿರಿ, ಹಿಂಬದಿಗೂ ಕೂಡ. ಹೊಸದಾಗಿ ಬೂಷ್ಟಿನ ಬಿಳಿ ಪುಡಿ ಕಂಡರೆ ಮೆಡಿಕಲ್ ಶಾಪಿನ ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಅದ್ದಿ ಅಷ್ಟು ಭಾಗವನ್ನು ಮಾತ್ರ ಒತ್ತಿ ಒರೆಸಿ. ಬೇಗ ಆರುತ್ತದೆ, ನೀರಿನ ತೇವ ಉಳಿಸುವುದಿಲ್ಲ. ಮೊದಲು ಬಣ್ಣ ಪರೀಕ್ಷಿಸಿ, ಬೆಂಕಿಯಿಂದ ದೂರವಿರಿ, ಬ್ಲ್ಯಾಕೌಟ್ ಲೇಪಕ್ಕೆ ಬಳಸಬೇಡಿ. ಮಳೆ ಹೊಳವಾಗಿ ಒಂದೆರಡು ಗಂಟೆ ಬಿಸಿಲು ಬಿದ್ದರೆ ಬೇರೆ ಕೆಲಸ ಬಿಟ್ಟಾದರೂ ಪರದೆ ಪೂರ್ತಿ ಸರಿಸಿ ಕಿಟಕಿ ತೆರೆಯಿರಿ.

ಪರದೆ ಗೋಡೆಗೆ ಅಂಟಿಕೊಂಡಿರಬಾರದು. ಬ್ರ್ಯಾಕೆಟ್ ಗೋಡೆಯಿಂದ ಕನಿಷ್ಠ 8ರಿಂದ 10 ಸೆಂ.ಮೀ. ಹೊರಗೆ ಚಾಚಿರಲಿ, ಕೆಳ ಅಂಚು ನೆಲದಿಂದ ಎರಡು ಬೆರಳು ಮೇಲಿರಲಿ. ಗೋಡೆಯಲ್ಲೇ ಬೂಷ್ಟಿದ್ದರೆ ಪರದೆ ಎಷ್ಟು ಒಗೆದರೂ ವ್ಯರ್ಥ. 4 ಲೀಟರ್ ನೀರಿಗೆ ಒಂದು ಕಪ್ ಕ್ಲೋರಿನ್ ಬ್ಲೀಚ್ ಬೆರೆಸಿ ಗೋಡೆ ಒರೆಸಿ, ಆ ಹೊತ್ತಿಗೆ ಕಿಟಕಿ ತೆರೆದಿರಲಿ, ಗೋಡೆ ಒಣಗಿದ ಮೇಲೆಯೇ ಪರದೆ ಹಾಕಿ. ರಾಡು ಕಬ್ಬಿಣದ್ದಾದರೆ ಬಣ್ಣ ಎದ್ದ ಕಡೆ ತುಕ್ಕು ಉಜ್ಜಿ ಮತ್ತೆ ಬಣ್ಣ ಬಳಿಯಿರಿ, ಸ್ಟೇನ್‌ಲೆಸ್ ಸ್ಟೀಲಿನದಾದರೆ ಈ ತೊಂದರೆ ಇಲ್ಲ.

ಎತ್ತಿಡುವುದು

ಮೇ ತಿಂಗಳಲ್ಲಿ ಇಳಿಸಿದ ದಪ್ಪ ಪರದೆಗಳನ್ನು ಬಿಸಿಲಿಗೆ ಹಾಕಿ, ಸಂಜೆ ಬಟ್ಟೆಯ ಕಾವು ಆರಿದ ಮೇಲೆ ಮಡಚಿ. ಬೆಚ್ಚಗಿರುವಾಗಲೇ ಟ್ರಂಕಿಗೆ ತುಂಬಿದರೆ ಒಳಗೆ ನೀರು ಹನಿಗಟ್ಟುತ್ತದೆ. ಪ್ಲಾಸ್ಟಿಕ್ ಕವರು ಪೂರ್ತಿ ಒಣಗಿದ ಬಟ್ಟೆಗೆ ರಕ್ಷೆ, ಅರೆಹಸಿ ಬಟ್ಟೆಗೆ ಶಿಕ್ಷೆ. ನುಸಿಗುಳಿಗೆ ಹುಳುವಿಗೆ ಮಾತ್ರ, ಬೂಷ್ಟನ್ನು ತಡೆಯುವುದಿಲ್ಲ. ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣ, ಇಲ್ಲವೇ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿಗಳನ್ನು ಇಡಿ. ಡಬ್ಬಿಯಲ್ಲಿ ಸೇರಿದ ನೀರು ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ, ಆದ್ದರಿಂದ ತಳದಲ್ಲಿ ನೆಟ್ಟಗೆ ನಿಲ್ಲಿಸಿ, ಮೂರು ವಾರಕ್ಕೊಮ್ಮೆ ತೆಗೆದು ನೋಡಿ ಚೆಲ್ಲಿ. ಬೀರು ಗೋಡೆಯಿಂದ ಒಂದು ಗೇಣು ದೂರವಿರಲಿ, ಟ್ರಂಕಿನ ಕೆಳಗೆ ಎರಡು ಇಟ್ಟಿಗೆ ಇರಲಿ.

ಒಗೆಯುವ ಯಂತ್ರವನ್ನೂ ಮರೆಯಬೇಡಿ. ಮುಂಬಾಗಿಲಿನ ಯಂತ್ರದ ರಬ್ಬರ್ ಸುತ್ತಿನ ಮಡಿಕೆಯಲ್ಲಿ ಬೂಷ್ಟು ಬೆಳೆದಿದ್ದರೆ ಚೊಕ್ಕ ಪರದೆಗೂ ಅದೇ ವಾಸನೆ ಹತ್ತುತ್ತದೆ. ತಿಂಗಳಿಗೊಮ್ಮೆ ಖಾಲಿ ಯಂತ್ರವನ್ನು 60 ಡಿಗ್ರಿಗೆ ಓಡಿಸಿ, ರಬ್ಬರನ್ನು ಬಿಡಿಸಿ ಒರೆಸಿ, ಬಾಗಿಲು ತೆರೆದೇ ಬಿಡಿ.